ಅಡಿಕೆ ಲೆಕ್ಕದ ಪುಟ ಮತ್ತು ನಮ್ಮ ಅತ್ತಿಗೆ

ಕೋಡಿಂಗ್ ಕಲಿಯುತ್ತಾ ಮಾಡಿದ ಮೂರು ವೆಬ್ ಪುಟಗಳನ್ನು ಭಾನುವಾರ ಶಿರಸಿಯಲ್ಲಿ ನಿಮ್ಮೆಲ್ಲರ ಮುಂದೆ ತೋರಿಸಿದೆ. ದೇವಿಮನೆ ಘಟ್ಟದ ಮೇಲೆ ಕುಮಟಾಕ್ಕೆ ಹೋಗುವ ಬಸ್ಸುಗಳ ವೇಳಾಪಟ್ಟಿ, ಮಕ್ಕಳಿಗೆ ಮರಗಳ ಹೆಸರು ಕಲಿಸುವ ಆಟ, ಮತ್ತೆ ಅಡಿಕೆ ಲೆಕ್ಕ. ನೀವು ಮತ್ತೆ ಮತ್ತೆ ತೆರೆಸಿದ್ದು ಅಡಿಕೆ ಲೆಕ್ಕವನ್ನೇ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಒಂದೊಂದು ಬಗೆಯ ತೂಕವೂ ಬೇರೆ ಬೇರೆಯಾಗಿ ಕೂಡಿ ಬರುವಾಗ ಹಿರಿಯರ ಮುಖದಲ್ಲಿ ಕಂಡ ಸಂತೋಷವನ್ನು ಮರೆಯಲಾರೆ.

ಹಳೆಯ ಲ್ಯಾಪ್‌ಟಾಪ್ ಕೊಟ್ಟ ಕಾರವಾರದ ಗೆಳತಿಗೆ, ಬಸ್ಸಿನ ಸಮಯ ಒಪ್ಪ ಮಾಡಿಕೊಟ್ಟ ನಿರ್ವಾಹಕರಿಗೆ, ಹಣ ಕೇಳದೆ ಪಾಠ ಹೇಳುವ ಫ್ರೀಕೋಡ್‌ಕ್ಯಾಂಪ್‌ಗೆ, ಪುಟಗಳಿಗೆ ಉಚಿತ ಜಾಗ ಕೊಟ್ಟ ಗಿಟ್‌ಹಬ್‌ಗೆ ನಾನು ಋಣಿ.

ಅತ್ತಿಗೆಯ ವಿಷಯ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ಕಳೆದ ಮಳೆಗಾಲ ನಮ್ಮ ಮನೆಯಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತೇ ಇದೆ. ಅಣ್ಣ ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಸಂಜೆಯೇ ಕರೆಂಟು ಹೋಗಿತ್ತು. ಇನ್ನು ಈ ಕಲಿಕೆ ಸಾಕು, ನಾಳೆಯಿಂದ ಬಿಡುತ್ತೇನೆ ಎಂದೆ. ಅತ್ತಿಗೆ ವಾದ ಮಾಡಲಿಲ್ಲ. ಅಪ್ಪನ ಲೆಕ್ಕದ ಪುಸ್ತಕ ತಂದು ಲಾಟೀನಿನ ಪಕ್ಕ ಕುಳಿತು, "ನಾನು ಓದುತ್ತೇನೆ, ನೀನು ಹಾಕು" ಎಂದರು.

ಅವರು ಓದಿದರು, ನಾನು ಹಾಕಿದೆ. ಮೊತ್ತದ ತುದಿಯಲ್ಲಿ ಯಾರೂ ಬರೆಯದ ಅಂಕಿಗಳ ಬಾಲ ಕಾಣಿಸಿತು. ವೆಬ್ ಪುಟಗಳಿಗೆ ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಸೊನ್ನೆ, ಒಂದುಗಳಲ್ಲೇ ಲೆಕ್ಕ ಹಿಡಿಯುವ ಯಂತ್ರಕ್ಕೆ ಹತ್ತನೆಯ ಒಂದು ಪಾಲನ್ನು ಪೂರ್ತಿ ಹಿಡಿಯಲು ಆಗುವುದಿಲ್ಲ. ಅದನ್ನು ವಿವರಿಸಿದೆ. ಅತ್ತಿಗೆ ಸ್ವಲ್ಪ ಯೋಚಿಸಿ, "ಹಾಗಾದರೆ ಕಿಲೋ ಬಿಡು, ಎಲ್ಲವನ್ನೂ ಗ್ರಾಂ ಮಾಡಿ ಕೂಡು. ಕೊನೆಗೆ ಕಿಲೋ ಮಾಡಿ ತೋರಿಸು" ಎಂದರು. ಕೋಡ್‌ನ ಒಂದಕ್ಷರವೂ ತಿಳಿಯದ ಅವರು ಹೇಳಿದ್ದು, ಅನುಭವಿ ಪ್ರೋಗ್ರಾಮರುಗಳು ಹಣದ ಲೆಕ್ಕವನ್ನು ಪೈಸೆಯಲ್ಲಿಟ್ಟು ಮಾಡುವ ಅದೇ ಕ್ರಮವನ್ನು. ಲ್ಯಾಪ್‌ಟಾಪಿನ ಚಾರ್ಜ್ ಮುಗಿಯುವವರೆಗೂ ಓದುತ್ತಲೇ ಇದ್ದರು. ಆಮೇಲೂ ಎದ್ದು ಹೋಗಲಿಲ್ಲ.

ಬೆಳಗ್ಗೆ ಅಣ್ಣನ ಫೋನ್ ಬಂತು. ಅದನ್ನು ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ಅಪ್ಪ ಆ ಪುಟವನ್ನು ನೋಡಲೇ ಇಲ್ಲ. ಅವರ ಅಕ್ಷರದಲ್ಲಿದ್ದ ಪ್ರತಿ ತೂಕವೂ ಅದರೊಳಗೆ ಇದೆ, ಅವರು ಮಾತ್ರ ನೋಡಲಿಲ್ಲ.

ಈಗ ಆ ಪುಟ ಸಿಗ್ನಲ್ ಇಲ್ಲದ ತೋಟದಲ್ಲೂ ತೆರೆಯುತ್ತದೆ. ಬರೆದ ಲೆಕ್ಕ ನಿಮ್ಮ ಮೊಬೈಲಿನಲ್ಲೇ ಉಳಿಯುತ್ತದೆ, ಬೇರೆ ಎಲ್ಲಿಗೂ ಹೋಗುವುದಿಲ್ಲ. ಬೇಕಾದವರು ಕೇಳಿ, ಮನೆಗೇ ಬಂದು ಹಾಕಿಕೊಡುತ್ತೇನೆ.

ಅತ್ತಿಗೆ, ಭಾನುವಾರ ನೀವು ಕೊನೆಯ ಸಾಲಿನಲ್ಲಿ ಕುಳಿತಿದ್ದಿರಿ. ಮುಂದೆ ಕರೆದರೂ ಬರಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ: ನೀವು ಅಂದು ಕೂರದಿದ್ದರೆ ಈ ಪುಟ ಇರುತ್ತಿರಲಿಲ್ಲ. ನೀವು ಕೇಳಿದ ಕಾಳುಮೆಣಸಿನ ಲೆಕ್ಕವನ್ನು ಶುರು ಮಾಡಿದ್ದೇನೆ. ಈ ಸಲವೂ ನೀವೇ ಓದಬೇಕು.