ಅಡಿಕೆ ತೋಟದ ಮೇಲೆ 400 ಕೆವಿ ಲೈನ್ ಬೇಡ, ಮಾರ್ಗ ಬದಲಿಸಿ

ಇವರಿಂದ:
ಅಡಿಕೆ ಕೃಷಿಕರು, ಬಂಟ್ವಾಳ ತಾಲೂಕು, ದಕ್ಷಿಣ ಕನ್ನಡ

ಇವರಿಗೆ:
ಯೋಜನಾ ವ್ಯವಸ್ಥಾಪಕರು, ವಿದ್ಯುತ್ ಪ್ರಸರಣ ಕಂಪೆನಿ

ವಿಷಯ: ಉಡುಪಿ–ಕಾಸರಗೋಡು 400 ಕೆವಿ (ಕಿಲೋವೋಲ್ಟ್) ವಿದ್ಯುತ್ ಲೈನಿನ ಮಾರ್ಗಕ್ಕೆ ಆಕ್ಷೇಪ

ಮಾನ್ಯರೇ,

ಉಡುಪಿ ಜಿಲ್ಲೆಯ ಇನ್ನಾ ಗ್ರಾಮದಿಂದ ನಮ್ಮ ತಾಲೂಕಿನ ವಿಟ್ಲದವರೆಗೆ ರೈತರು ಈ ಲೈನ್ ಬೇಡ ಎನ್ನುತ್ತಿದ್ದಾರೆ. ಕರೆಂಟ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ತೋಟದ ನಡುವೆ ಎಳೆಯಬೇಡಿ ಎನ್ನುತ್ತಿದ್ದೇವೆ, ಅಷ್ಟೇ.

400 ಕೆವಿ ಲೈನಿಗೆ ತಂತಿಯ ಕೆಳಗೆ ಉದ್ದಕ್ಕೂ 46 ಮೀಟರ್ ಅಗಲದ ಜಾಗದ ಪಟ್ಟಿ ಬೇಕು. ಒಂದು ಕಿಲೋಮೀಟರಿಗೆ 11 ಎಕರೆಗೂ ಜಾಸ್ತಿ. ಎಕರೆಗೆ 500ಕ್ಕೂ ಹೆಚ್ಚು ಅಡಿಕೆ ಮರ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಕೊಕ್ಕೋ. ಗದ್ದೆಯಾದರೆ ತಂತಿಯ ಕೆಳಗೂ ಬೆಳೆಯಬಹುದು. ಅಡಿಕೆ, ತೆಂಗು ಎತ್ತರಕ್ಕೆ ಹೋಗುವ ಮರಗಳು. ಆ ಪಟ್ಟಿಯಲ್ಲಿ ಇನ್ನೆಂದೂ ಅಡಿಕೆ ಇಡುವ ಹಾಗಿಲ್ಲ.

ಪಟ್ಟಿಯ ಹೊರಗಿನ ಮರಗಳ ಕತೆಯನ್ನೂ ಕೇಳಿ. ಮಳೆಗಾಲದಲ್ಲಿ ಅಡಿಕೆ ಕಾಯಿಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಲೇಬೇಕು. ಮರ ಹತ್ತುವವರು ಸಿಗುವುದಿಲ್ಲ. ಹಾಗಾಗಿ ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದದ ಕೋಲು, ಬಂದಿದೆ. ನೆಲದಲ್ಲೇ ನಿಂತು 60 ಅಡಿ ಎತ್ತರದ ಗೊನೆಗೂ ಮದ್ದು ಬಿಡುತ್ತೇವೆ, ಕೊಯ್ಲೂ ಅದರಲ್ಲೇ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. 400 ಕೆವಿ ತಂತಿಗೆ ದೋಟಿ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಹಿಡಿದವನ ಜೀವ ಹೋಗುತ್ತದೆ. ಅಂಚಿನ ಸಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತವನ ದೋಟಿ ಒಳಗೆ ವಾಲಿದರೆ? ಅಂಥ ಜಾಗಕ್ಕೆ ಕೆಲಸದವರನ್ನು ಯಾವ ಮುಖ ಇಟ್ಟುಕೊಂಡು ಕಳಿಸಲಿ? ನಿಮ್ಮ ಪರಿಹಾರದ ಲೆಕ್ಕದಲ್ಲಿ ಈ ಮರಗಳು ಎಲ್ಲಿವೆ?

ಕೇಂದ್ರ ಇಂಧನ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಎಂದಿದೆ. ನಷ್ಟ ಜಾಸ್ತಿ ಆಗುವುದು ಪಟ್ಟಿಯಲ್ಲಿ. ಆರ್‌ಟಿಸಿಯಲ್ಲಿ ಹೆಸರು ನಮ್ಮದೇ, ತೋಟ ಮಾತ್ರ ಇಲ್ಲ. ಇಲ್ಲಿ ಎಷ್ಟೋ ಮನೆಗಳಿಗೆ ಈ ಭೂಮಿ ಬಂದದ್ದು 1974ರ ಭೂಸುಧಾರಣೆ ತಿದ್ದುಪಡಿಯ ನಂತರ, ಗೇಣಿಗೆ ಉಳುತ್ತಿದ್ದ ಹಿರಿಯರು ಡಿಕ್ಲರೇಶನ್ (ಭೂಮಿಗಾಗಿ ಅರ್ಜಿ) ಹಾಕಿದ ಮೇಲೆ. ಉಳುವವನ ಕೈಗೆ ಕಾನೂನೇ ಕೊಟ್ಟ ಭೂಮಿ ಇದು.

2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಪ್ರಕಾರ ಲೈನ್ ಹಾಕುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು. ಅದೇ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಂ, ಆದಷ್ಟೂ ಕಡಿಮೆ ಹಾನಿ ಮಾಡಿ, ಪೂರ್ತಿ ಪರಿಹಾರ ಕೊಡಿ ಎನ್ನುತ್ತದೆ. ಅಧಿಕಾರ ಬೇಕೆಂದರೆ ಈ ಮಾತನ್ನೂ ಪಾಲಿಸಬೇಕಲ್ವಾ?

ದಾರಿ ಇಲ್ಲವೆಂದಲ್ಲ. ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶೂರಿಗೆ ಹೋಗುವ ವಿದ್ಯುತ್ ಲೈನಿನ ಕೇರಳದೊಳಗಿನ ಒಂದು ಭಾಗ ನೆಲದಡಿಯ ಕೇಬಲಿನಲ್ಲೇ ಹೋಗಿದೆ. ಅದು ಡಿಸಿ (ಏಕಮುಖ ವಿದ್ಯುತ್), ಇದು ಎಸಿ (ಪರ್ಯಾಯ ವಿದ್ಯುತ್), ನೆಲದಡಿ ಹಾಕಲು ಖರ್ಚು ಜಾಸ್ತಿ ಎಂದು ನೀವು ಹೇಳಬಹುದು. ಹಾಗಾದರೆ ಆ ಖರ್ಚನ್ನು ಕಾಗದದಲ್ಲಿ ತೋರಿಸಿ. ಆ ಲೆಕ್ಕದ ಪಕ್ಕದಲ್ಲೇ, ಕಡಿಯಬೇಕಾದ ಅಡಿಕೆ ಮರಗಳು ಎಷ್ಟು, ಅವು ಇನ್ನೆಷ್ಟು ವರ್ಷ ಫಸಲು ಕೊಡುತ್ತಿದ್ದವು ಎಂಬ ಲೆಕ್ಕವನ್ನೂ ಇಡಿ.

ಸರ್ವೆ ನಂಬರ್ ಸಮೇತ ಮಾರ್ಗದ ನಕ್ಷೆಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಇಡಬೇಕು. ಪಾಳು ಗುಡ್ಡ, ರಸ್ತೆ ಬದಿಯ ಬದಲಿ ಮಾರ್ಗಗಳನ್ನು ನಮ್ಮ ಜೊತೆ ನಡೆದು ನೋಡಬೇಕು. ಸುಮ್ನೆ ಆಫೀಸಿನಲ್ಲಿ ಕೂತು ಗೆರೆ ಎಳೆದರೆ ತೋಡು, ಕೆರೆ, ಕಟ್ಟ ಯಾವುದೂ ಕಾಣುವುದಿಲ್ಲ. ಇದೆಲ್ಲ ಆಗಿ ಲಿಖಿತ ಉತ್ತರ ನಮ್ಮ ಕೈ ಸೇರುವವರೆಗೆ ಒಂದು ಮರಕ್ಕೂ ಕತ್ತಿ ಹಾಕಬಾರದು. ಈ ಪತ್ರದ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕೊಟ್ಟಿದ್ದೇವೆ.

ಇಂತಿ,
ಲೈನಿನ ದಾರಿಯಲ್ಲಿರುವ ತೋಟಗಳ ಕೃಷಿಕರು