ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ, ಅದರ ಮೇಲೆ ಮಕ್ಕಳಿಗೆ ಲಿನಕ್ಸ್ ಕಲಿಸಿ

ಮಾನ್ಯ ಸಂಪಾದಕರೇ,

ನಾನು ಗಂಗಾವತಿಯಲ್ಲಿ ಝೆರಾಕ್ಸ್, ಡಿಟಿಪಿ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡಿದ್ದೇನೆ. ಓದಿದ್ದು ಬಿ.ಎ., ಕಂಪ್ಯೂಟರ್ ಕಲಿತದ್ದೆಲ್ಲ ಕೆಲಸ ಮಾಡುತ್ತಾ ಮಾಡುತ್ತಾ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ತಿದ್ದುಪಡಿ ಕಳಿಸೋದು, ನಿಲ್ಲಿಸಿದೆ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಬೇಕು. ನಮ್ಮ ಭಾಗದ ಶಾಲೆ, ಕಾಲೇಜು, ಗ್ರಂಥಾಲಯಗಳಲ್ಲಿ ನಾನು ನೋಡಿದ ಎಷ್ಟೋ ಕಂಪ್ಯೂಟರ್‌ಗಳು ಅದಕ್ಕಿಂತ ಹಳೇವು. ಮಾನಿಟರ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಒತ್ತಿದರೆ ಶುರು ಆಗುತ್ತದೆ. ಆದರೂ ಲ್ಯಾಬಿಗೆ ಬೀಗ. ಕೇಳಿದರೆ "ಅವು ಔಟ್‌ಡೇಟೆಡ್ ರೀ, ಹರಾಜಿಗೆ ಬರೆದಿದ್ದೇವೆ" ಅಂತಾರೆ.

ದಯವಿಟ್ಟು ಹರಾಜಿಗೆ ಹಾಕಬೇಡಿ. ಅವುಗಳ ಮೇಲೆ ಲಿನಕ್ಸ್ ಓಡುತ್ತದೆ, ಅದು ವಿಂಡೋಸ್ ತರಹವೇ ಕಂಪ್ಯೂಟರನ್ನು ನಡೆಸುವ, ಆದರೆ ಉಚಿತವಾಗಿ ಸಿಗುವ ವ್ಯವಸ್ಥೆ. ಬರೀ ಓಡುವುದಷ್ಟೇ ಅಲ್ಲ, ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಅಂತ ಒಂದು ಮಗು ಕೈಯಾರೆ ಕಲಿಯೋದಕ್ಕೆ ಅದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ. ಅದನ್ನು ಕನ್ನಡದಲ್ಲೇ ಕಲಿಸಬಹುದು ಅನ್ನೋದು ಈ ಪತ್ರದ ಮುಖ್ಯ ಮಾತು.

ಗೊತ್ತಿಲ್ಲದವರಿಗೆ ಎರಡು ಮಾತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ತನ್ನ ಕಂಪ್ಯೂಟರಿಗೆ ತಾನೇ ಒಂದು ಕರ್ನೆಲ್, ಅಂದರೆ ಇಡೀ ಯಂತ್ರವನ್ನು ಹಿಡಿತದಲ್ಲಿಡುವ ತಿರುಳು ಪ್ರೋಗ್ರಾಂ, ಬರೆದು, ಎಲ್ಲರಿಗೂ ಬಿಟ್ಟುಕೊಟ್ಟ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ವ್ಯವಸ್ಥೆ ಕಟ್ಟುವ ಗ್ನೂ ಎಂಬ ಯೋಜನೆ ಘೋಷಿಸಿದ್ದರು. ಎರಡೂ ಸೇರಿ ಇವತ್ತಿನ ವ್ಯವಸ್ಥೆ ಆಯಿತು. ಇದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನಿನ ತಳದಲ್ಲಿರೋದೂ ಲಿನಕ್ಸ್ ಕರ್ನೆಲ್ಲೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸ್ ಮೇಲೇ ನಡೆಯುತ್ತಿವೆ. ಅದೇ ಲಿನಕ್ಸ್ ನನ್ನ ಅಂಗಡಿಯ 4 ಜಿಬಿ ರ‍್ಯಾಮಿನ ಹಳೇ ಡಬ್ಬಿಯಲ್ಲೂ ಓಡುತ್ತಿದೆ. ಲಿನಕ್ಸ್ ಮಿಂಟ್ ಅಂತ ಒಂದು ಬಗೆ ಇದೆ, ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮಾಗಿ ನಡೆಯುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು, ಹಾರ್ಡ್‌ಡಿಸ್ಕ್ ಮುಟ್ಟದೇ, ಮೊದಲು ಬರೀ ನೋಡಲೂಬಹುದು.

ಇಲ್ಲಿವರೆಗೂ ಯಾರಿಗೂ ತಕರಾರಿಲ್ಲ. ಮೌಸ್ ಹಿಡಿದು ಕೆಲಸ ಮಾಡೋದು ವಿಂಡೋಸ್ ತರಹವೇ ಇದೆ, ಎರಡು ದಿನದಲ್ಲಿ ಹೊಂದಿಕೊಳ್ಳುತ್ತಾರೆ. ಹೆದರೋದು ಟರ್ಮಿನಲ್ ನೋಡಿ, ಅಂದರೆ ಕಂಪ್ಯೂಟರಿಗೆ ಕಮಾಂಡ್ (ಆಜ್ಞೆ) ಟೈಪ್ ಮಾಡಿ ಕೆಲಸ ಹೇಳುವ ಕಿಟಕಿ, ಕಮಾಂಡ್ ಲೈನ್ ಅಂತಲೂ ಅನ್ನುತ್ತಾರೆ. ಕಪ್ಪು ಪರದೆ, ಮಿಣುಕುವ ಒಂದು ಗೆರೆ, ಒತ್ತಲಿಕ್ಕೆ ಒಂದು ಬಟನ್ನೂ ಇಲ್ಲ. "ಅದೆಲ್ಲ ಎಂಜಿನಿಯರಿಂಗ್ ಓದಿದವರಿಗೆ, ನಮ್ಮ ಹುಡುಗರಿಗೆ ಎಲ್ಲಿ ಆಗುತ್ತೆ" ಅಂತ ಸ್ವತಃ ಮೇಷ್ಟ್ರುಗಳೇ ನನಗೆ ಹೇಳಿದ್ದಾರೆ. ಈ ಮಾತಿಗೆ ನನ್ನ ಪೂರ್ತಿ ವಿರೋಧ ಇದೆ.

ನಮ್ಮ ಅಕ್ಕನ ಮಗಳು ಕಾರಟಗಿ ಕಡೆಯವಳು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಈಗ ಪಿಯುಸಿ, ರಜೆಯಲ್ಲಿ ಅಂಗಡಿಗೆ ಬರುತ್ತಾಳೆ. ಅವಳಿಗೆ ಟರ್ಮಿನಲ್ ಕಲಿಸುತ್ತಾ ನಾನು ಗಮನಿಸಿದ್ದು ಏನಂದರೆ, ಕಮಾಂಡ್ ಕಲಿಯೋದು ಕಷ್ಟವೇ ಅಲ್ಲ. ಹೆಚ್ಚಿನವು ಎರಡಕ್ಷರ, ಮೂರಕ್ಷರ. ಈ ಫೋಲ್ಡರಿನಲ್ಲಿ ಏನೇನಿದೆ ತೋರಿಸು ಅನ್ನೋದಕ್ಕೆ ಎಲ್-ಎಸ್. ನಾನೀಗ ಎಲ್ಲಿದ್ದೇನೆ ಅನ್ನೋದಕ್ಕೆ ಪಿ-ಡಬ್ಲ್ಯು-ಡಿ. ಬೇರೆ ಫೋಲ್ಡರಿಗೆ ಹೋಗೋದಕ್ಕೆ ಸಿ-ಡಿ, ನಕಲಿಗೆ ಸಿ-ಪಿ, ಜಾಗ ಬದಲಿಸೋದಕ್ಕೆ ಎಂ-ವಿ. ಇವುಗಳಲ್ಲಿ ಕೆಲವು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಯುನಿಕ್ಸ್ ಕಾಲದಿಂದ ಬಂದವು, ಇವತ್ತಿಗೂ ಹಾಗೇ ಇವೆ. ವಿಂಡೋಸಿನ ಮೆನುಗಳಲ್ಲಿ ತುಂಬಿರೋ ಇಂಗ್ಲಿಷ್‌ಗೆ ಹೋಲಿಸಿದರೆ ಇಲ್ಲಿ ನೆನಪಿಡಬೇಕಾದ ಇಂಗ್ಲಿಷ್ ತೀರಾ ಕಡಿಮೆ. ಆ ಲೆಕ್ಕದಲ್ಲಿ ಕನ್ನಡ ಮಾಧ್ಯಮದ ಮಗುವಿಗೆ ಕಮಾಂಡ್ ಲೈನ್ ಇನ್ನೂ ಸುಲಭ ಅಂತಲೇ ನನ್ನ ಅಭಿಪ್ರಾಯ.

ಕಷ್ಟ ಇರೋದು ಬೇರೆ ಕಡೆ. ಕಂಪ್ಯೂಟರ್ ತಿರುಗಿ ಕೊಡುವ ಉತ್ತರ ಓದೋದರಲ್ಲಿ. ಏನೋ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ, ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ, ‘ಕೆಟ್ಟೋಯ್ತು’ ಅಂತ ಕೈ ಹಿಂದೆ ತೆಗೆಯುತ್ತಾರೆ. ನಿಜ ಹೇಳಬೇಕೆಂದರೆ ಹೊಸಬರಿಗೆ ಪದೇ ಪದೇ ಎದುರಾಗೋ ಉತ್ತರಗಳು ಮೂರೇ ಮೂರು, ಆ ಮೂರನ್ನು ಕನ್ನಡದಲ್ಲಿ ಬಿಡಿಸಿ ಹೇಳಿಬಿಟ್ಟರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ‘ಕಮಾಂಡ್ ನಾಟ್ ಫೌಂಡ್’ ಅಂತ ಬಂದರೆ ಆ ಹೆಸರಿನ ಕಮಾಂಡ್ ಸಿಗಲಿಲ್ಲ ಅಂತ. ಅಕ್ಷರ ತಪ್ಪಿರಬೇಕು, ಇಲ್ಲಾ ಆ ಪ್ರೋಗ್ರಾಂ ಇನ್ನೂ ಹಾಕಿಲ್ಲ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ಬಂದರೆ ಕಮಾಂಡ್ ಸರಿ ಇದೆ, ಆದರೆ ನೀವು ಹೇಳಿದ ಫೈಲು ಆ ಜಾಗದಲ್ಲಿ ಇಲ್ಲ. ಇಲ್ಲಿ ಎರಡು ಸಂಗತಿ ಮಕ್ಕಳಿಗೆ ಒತ್ತಿ ಹೇಳಬೇಕು. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಮತ್ತೆ, ಹೆಸರಿನ ನಡುವೆ ಜಾಗ ಬಿಟ್ಟಿದ್ದರೆ ಅದು ಎರಡು ಬೇರೆ ಫೈಲು ಅಂತ ತಿಳಿಯುತ್ತದೆ, ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಮೊದಲೆರಡು ಅಕ್ಷರ ಒತ್ತಿ ಟ್ಯಾಬ್ ಕೀ ಒತ್ತಿದರೆ ಉಳಿದ ಹೆಸರನ್ನು ಅದೇ ತುಂಬಿಕೊಡುತ್ತದೆ, ಆ ಅಕ್ಷರಗಳಿಂದ ಶುರುವಾಗೋ ಫೈಲು ಒಂದೇ ಇದ್ದರೆ. ಟ್ಯಾಬ್ ಕೀ ಮೊದಲ ದಿನವೇ ಹೇಳಿಕೊಡಬೇಕು, ಎಷ್ಟೋ ಕಡೆ ಹೇಳೋದೇ ಇಲ್ಲ.

ಮೂರನೆಯದು ‘ಪರ್ಮಿಷನ್ ಡಿನೈಡ್’. ಫೈಲು ಇದೆ, ಮುಟ್ಟಲು ನಿಮಗೆ ಅಧಿಕಾರ ಇಲ್ಲ ಅಂತ. ಸುಡೊ ಅಂತ ಮುಂದೆ ಸೇರಿಸಿದರೆ ಅಧಿಕಾರ ಸಿಗುತ್ತದೆ, ನಿಜ. ಆದರೆ ಯಾಕೆ ಬಿಡುತ್ತಿಲ್ಲ ಅಂತ ಯೋಚಿಸದೆ ಎಲ್ಲದಕ್ಕೂ ಸುಡೊ ಹಚ್ಚೋದು ಕೆಟ್ಟ ಚಾಳಿ. ನೆಟ್‌ನಲ್ಲಿ ಕಂಡ ಕಮಾಂಡನ್ನು ಅರ್ಥ ಗೊತ್ತಿಲ್ಲದೆ ಅಂಟಿಸೋದು ಅದಕ್ಕಿಂತ ಕೆಟ್ಟದ್ದು. ಆರ್-ಎಂ ಅಂತ ಅಳಿಸಿದ ಫೈಲು ರೀಸೈಕಲ್ ಬಿನ್‌ಗೆ ಹೋಗೋದಿಲ್ಲ, ಹೋದದ್ದು ಹೋದಂತೆಯೇ. ಅದಕ್ಕೇ ಕಲಿಯಲಿಕ್ಕೆ ಹಳೇ ಕಂಪ್ಯೂಟರೇ ಚೆಂದ, ಅದರಲ್ಲಿ ಕಳಕೊಳ್ಳೋದು ಏನೂ ಇರಲ್ಲ ಅಲ್ವಾ.

ಮೊದಲ ಸಲ ಸುಡೊ ಒತ್ತಿದಾಗ ಅಕ್ಕನ ಮಗಳು ಕೇಳಿದ್ದು ಹೀಗೆ: "ಮಾಮಾ, ಪಾಸ್‌ವರ್ಡ್ ಎಷ್ಟು ಒತ್ತಿದ್ರೂ ಒಂದು ಚುಕ್ಕಿನೂ ಮೂಡವಲ್ದು, ಕೀಬೋರ್ಡ್ ಕೆಟ್ಟೈತೇನು?" ಕೆಟ್ಟಿಲ್ಲ. ಪಕ್ಕದಲ್ಲಿ ನಿಂತವರಿಗೆ ಎಷ್ಟು ಅಕ್ಷರ ಅಂತಲೂ ತಿಳಿಯಬಾರದು ಅಂತ ಎಷ್ಟೋ ಲಿನಕ್ಸ್‌ಗಳಲ್ಲಿ ಅದು ಏನೂ ತೋರಿಸೋದಿಲ್ಲ. ಒತ್ತಿ ಎಂಟರ್ ಕೊಟ್ಟರಾಯಿತು. ಇಂಥ ಸಣ್ಣ ಸಣ್ಣ ವಿಷಯಕ್ಕೇ ಹೊಸಬರು ಬಿಟ್ಟು ಹೋಗೋದು. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳೋರು ಒಬ್ಬರಿದ್ದರೆ ಬಿಟ್ಟು ಹೋಗಲ್ಲ.

ಇದರಿಂದ ಉಪಯೋಗ ಏನು ಅಂತ ಕೇಳುವವರಿಗೆ ನನ್ನ ಅಂಗಡಿಯದೇ ಉದಾಹರಣೆ. ವಿದ್ಯಾರ್ಥಿವೇತನದ ಸಮಯದಲ್ಲಿ ಶಾಲೆಯವರು ಒಂದು ಫೋಲ್ಡರ್ ತುಂಬಾ ಮಕ್ಕಳ ಫೋಟೋ ತರುತ್ತಾರೆ. ಪ್ರತಿಯೊಂದೂ 3-4 ಎಂಬಿ, ಅರ್ಜಿಗೆ ಬೇಕಾದದ್ದು 50 ಕೆಬಿ ಒಳಗೆ. ಒಂದೊಂದೇ ತೆರೆದು ಸಣ್ಣದು ಮಾಡಿ ಸೇವ್ ಮಾಡುತ್ತಾ ಕೂತರೆ ಇಡೀ ಮಧ್ಯಾಹ್ನ ಬೇಕು. ಇಮೇಜ್‌ಮ್ಯಾಜಿಕ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಂಡರೆ ಆ ಫೋಲ್ಡರಿಗೆ ಹೋಗಿ ಒಂದೇ ಸಾಲು ಬರೆದರೆ ಸಾಕು, ಎಲ್ಲ ಫೋಟೋಗಳೂ ಒಟ್ಟಿಗೆ ಸಣ್ಣವಾಗುತ್ತವೆ. ಅದರ ಮೊಗ್ರಿಫೈ ಕಮಾಂಡ್ ಮೂಲ ಫೋಟೋಗಳ ಮೇಲೇ ಬರೆದುಬಿಡುತ್ತದೆ, ಹಾಗಾಗಿ ಮೊದಲು ಬೇರೆ ಫೋಲ್ಡರಿಗೆ ನಕಲು ಮಾಡಿಕೊಂಡು ಆಮೇಲೆ ಓಡಿಸಬೇಕು. ಸ್ಕ್ಯಾನ್ ಮಾಡಿದ ಅಂಕಪಟ್ಟಿಗಳನ್ನು ಸೇರಿಸಿ ಒಂದು ಪಿಡಿಎಫ್ ಮಾಡೋದೂ ಹೀಗೇ. ಶಾಲೆಯ ಗುಮಾಸ್ತರು ಇಷ್ಟು ಕಲಿತರೂ ಅವರ ಎಷ್ಟು ಹೊತ್ತು ಉಳಿಯುತ್ತದೆ ನೋಡಿ.

ಪೆನ್‌ಡ್ರೈವ್ ವೈರಸ್ ಕಾಟವಂತೂ ಝೆರಾಕ್ಸ್ ಅಂಗಡಿಯವರಿಗೆಲ್ಲ ಗೊತ್ತು. ಫೈಲೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಕಾಣುತ್ತವೆ, ಪ್ರಾಜೆಕ್ಟ್ ರಿಪೋರ್ಟ್ ಹೋಯ್ತು ಅಂತ ಹುಡುಗರು ಅಳುವುದೊಂದು ಬಾಕಿ. ಲಿನಕ್ಸ್ ಯಂತ್ರಕ್ಕೆ ಅದೇ ಪೆನ್‌ಡ್ರೈವ್ ಹಾಕಿದರೆ ಎಷ್ಟೋ ಸಲ ಅಸಲಿ ಫೈಲುಗಳು ಹಾಗೇ ಕಾಣುತ್ತವೆ, ಯಾಕೆಂದರೆ ವೈರಸ್ ಅವನ್ನು ಅಳಿಸಿರೋದಿಲ್ಲ, ವಿಂಡೋಸ್‌ಗೆ ಕಾಣದಂತೆ ಬಚ್ಚಿಟ್ಟಿರುತ್ತದೆ ಅಷ್ಟೇ.

ಎಲ್ಲವೂ ಇದರಲ್ಲೇ ಆಗುತ್ತದೆ ಅಂತ ನಾನು ಹೇಳೋದಿಲ್ಲ. ಲೆಕ್ಕಪತ್ರ ಬರೆಯುವ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಬೆರಳಚ್ಚು ತೆಗೆದುಕೊಳ್ಳುವ ಕೆಲವು ಯಂತ್ರಗಳಿಗೆ ಲಿನಕ್ಸ್ ಡ್ರೈವರ್ (ಯಂತ್ರವನ್ನು ಕಂಪ್ಯೂಟರಿಗೆ ಹೊಂದಿಸುವ ಪ್ರೋಗ್ರಾಂ) ಸಿಗೋದಿಲ್ಲ, ಕೆಲವು ಪ್ರಿಂಟರ್‌ಗಳೂ ಸತಾಯಿಸುತ್ತವೆ. ಹಳೇ ನುಡಿ ಫಾಂಟಿನ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಎಲ್ಲ ಕಂಪ್ಯೂಟರಿನಲ್ಲೂ ಒಂದೇ ತರಹ ಓದಲು ಬರುವ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಅದಕ್ಕೇ ನಾನೂ ಒಂದು ಯಂತ್ರದಲ್ಲಿ ವಿಂಡೋಸ್ ಇಟ್ಟುಕೊಂಡಿದ್ದೇನೆ. ಹೊಸದಾಗಿ ಕನ್ನಡ ಟೈಪ್ ಮಾಡೋದಕ್ಕೆ ಮಾತ್ರ ಏನೂ ತೊಂದರೆ ಇಲ್ಲ. ಐಬಸ್ ಮತ್ತು ಎಂ17ಎನ್ ಎಂಬ ಎರಡು ಉಚಿತ ಸಾಧನ ಹಾಕಿಕೊಂಡರೆ ನುಡಿಯಲ್ಲಿ ನಮ್ಮ ಬೆರಳಿಗೆ ಕೂತಿರುವ ಕಗಪ ಕೀಲಿಮಣೆ ಸಿಗುತ್ತದೆ, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ಬೇಕಾದವರಿಗೆ ಅದೂ ಇದೆ. ಈ ಪತ್ರ ಬರೆದಿರೋದೂ ಅದರಲ್ಲೇ.

ಕಲಿಯಲು ಸಾಮಗ್ರಿ ಇಲ್ಲ ಅಂತಲೂ ಅಲ್ಲ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ, ಲಿನಕ್ಸ್ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ, ಪೂರ್ತಿ ಉಚಿತ. ಒಂದೊಂದೂ ಸುಮಾರು ಹತ್ತು ನಿಮಿಷದ್ದು, ಅರ್ಧ ಪರದೆಯಲ್ಲಿ ವಿಡಿಯೋ ನೋಡುತ್ತಾ ಇನ್ನರ್ಧದಲ್ಲಿ ತಾವೇ ಮಾಡುತ್ತಾ ಹೋಗುವ ಕ್ರಮ. ನಮ್ಮ ಪಕ್ಕದ ಕೇರಳವನ್ನೇ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯೋದೇ ಲಿನಕ್ಸ್ ಮೇಲೆ, ಅದೂ ಎಷ್ಟೋ ವರ್ಷಗಳಿಂದ. ಐಟಿ ಅಟ್ ಸ್ಕೂಲ್ ಎಂಬ ಯೋಜನೆಯಾಗಿದ್ದದ್ದು 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಆಯಿತು, ಅವರು ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಆಧಾರದ ಮೇಲೆ ತಮ್ಮ ಶಾಲೆಗಳಿಗೆ ಒಪ್ಪುವಂತೆ ತಮ್ಮದೇ ಒಂದು ಲಿನಕ್ಸ್ ಮಾಡಿಕೊಂಡಿದ್ದಾರೆ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ನಮ್ಮ ಭಾಗಕ್ಕೆ ಇದು ಜಾಸ್ತಿ ಮುಖ್ಯ ಅಂತ ನಾನು ಹೇಳೋದಕ್ಕೆ ಒಂದು ಕಾರಣ ಇದೆ. ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಇರೋದರಿಂದ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮಕ್ಕಳಿಗೆ ಎಂಜಿನಿಯರಿಂಗ್ ಸೀಟು ಸಿಗುತ್ತಿದೆ, ಅದು ನಮ್ಮವರು ಹೋರಾಡಿ ಪಡೆದದ್ದು. ಆದರೆ ಸೀಟು ಸಿಕ್ಕಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದ ಮೇಲೆ ಲ್ಯಾಬಿನಲ್ಲಿ ಮೊದಲ ಸಲ ಟರ್ಮಿನಲ್ ನೋಡೋ ಹುಡುಗಿ, ಪಕ್ಕದವರು ಸರಸರ ಒತ್ತುತ್ತಿರೋದನ್ನ ಕಂಡು, ತನಗೆ ಇದು ಬರೋದೇ ಇಲ್ಲ ಅಂದುಕೊಂಡು ಬಾಯಿ ಮುಚ್ಚಿ ಕೂರುತ್ತಾಳೆ. ಬುದ್ಧಿ ಕಡಿಮೆ ಅಂತಲ್ಲ, ಅವಳು ಅದನ್ನ ಮೊದಲು ಕಂಡಿಲ್ಲ ಅಷ್ಟೇ. ಒಂಬತ್ತನೇ ಕ್ಲಾಸಿನಲ್ಲೇ ಕಂಡಿದ್ದರೆ ಈ ಪಾಡು ಇರುತ್ತಿರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿರೋ ಹುಡುಗರಿಗೂ ಇದೇ ಮಾತು. ವೆಬ್‌ಸೈಟು, ಆನ್‌ಲೈನ್ ಸೇವೆ ನಡೆಸುವ ಸರ್ವರ್ ಎಂಬ ಕಂಪ್ಯೂಟರ್‌ಗಳಲ್ಲಿ ಜಗತ್ತಿನ ಬಹುಪಾಲು ನಡೆಯೋದು ಲಿನಕ್ಸ್ ಮೇಲೆ, ಅವನ್ನು ನೋಡಿಕೊಳ್ಳೋ ಕೆಲಸಕ್ಕೆ ಮೊದಲು ಕೇಳೋದೇ ಕಮಾಂಡ್ ಲೈನ್ ಬರುತ್ತದಾ ಅಂತ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಶಿಕ್ಷಣ ಇಲಾಖೆಯವರು ಹಳೇ ಕಂಪ್ಯೂಟರ್‌ಗಳನ್ನು ಹರಾಜಿಗೆ ಬರೆಯುವ ಮುಂಚೆ ಲಿನಕ್ಸ್ ಓಡುತ್ತದೆಯೇ ಅಂತ ಒಮ್ಮೆ ಪರೀಕ್ಷೆ ಮಾಡಿಸಲಿ, ಅದಕ್ಕೆ ಟೆಂಡರ್ ಬೇಡ, ಒಂದು ಪೆನ್‌ಡ್ರೈವ್ ಸಾಕು. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಕಂಪ್ಯೂಟರ್ ಲ್ಯಾಬಿಗೆ ಹಣ ಕೊಡುವಾಗ ಯಂತ್ರದ ಜೊತೆ ಕಲಿಸುವವರಿಗೂ ಸ್ವಲ್ಪ ಇಡಲಿ. ರಾಯಚೂರಿನಲ್ಲಿ 2019ರಲ್ಲಿ ಶುರುವಾದ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಇದೆ, ಮೂರೂ ಜಿಲ್ಲೆಗಳಲ್ಲಿ ಪಾಲಿಟೆಕ್ನಿಕ್, ಐಟಿಐ ಇವೆ. ಅಲ್ಲಿನ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಹತ್ತಿರದ ಹೈಸ್ಕೂಲಿಗೆ ಬಂದು ಹಾಕಿಕೊಟ್ಟು, ಒಂದು ತಾಸು ಮಕ್ಕಳ ಜೊತೆ ಕೂತರೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ಶುರುವಿನಲ್ಲಿ ಪುಸ್ತಕದ ಪಾಠ ಬೇಡ. ನಾನು ಮೇಲೆ ಹೇಳಿದ ಮೂರು ಉತ್ತರಗಳು, ಟ್ಯಾಬ್ ಕೀ, ಹತ್ತು ಕಮಾಂಡ್, ಇಷ್ಟನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಲಿ.

ತಮ್ಮ ಪತ್ರಿಕೆಗೂ ಒಂದು ಮನವಿ. ವಾರಕ್ಕೊಮ್ಮೆ ವಿದ್ಯಾರ್ಥಿಗಳ ಪುಟದಲ್ಲಿ ಅಂಗೈ ಅಗಲ ಜಾಗ ಕೊಡಿ. ಒಂದು ವಾರಕ್ಕೆ ಒಂದು ಕಮಾಂಡ್, ಅದು ಯಾವ ಕೆಲಸಕ್ಕೆ ಬರುತ್ತದೆ, ಏನು ಉತ್ತರ ಬರಬಹುದು, ಎಲ್ಲಿ ಹುಷಾರಾಗಿರಬೇಕು, ಅಷ್ಟು ಸಾಕು. ಬರೆಯುವವರು ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ. ಗಂಗಾವತಿ ಸುತ್ತಮುತ್ತಲಿನ ಯಾವ ಶಾಲೆಯವರಾದರೂ 8 ಜಿಬಿಯ ಖಾಲಿ ಪೆನ್‌ಡ್ರೈವ್ ತಂದರೆ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಪೆನ್‌ಡ್ರೈವ್‌ನಲ್ಲಿ ಇರೋದೆಲ್ಲ ಅಳಿಸಿ ಹೋಗುತ್ತದೆ, ಮುಖ್ಯವಾದ ಫೈಲು ಇದ್ದರೆ ಮೊದಲೇ ಬೇರೆ ಕಡೆ ಇಟ್ಟುಕೊಂಡು ಬನ್ನಿ.

ಇಂತಿ ನಿಮ್ಮ ಓದುಗ,
ಗಂಗಾವತಿ, ಕೊಪ್ಪಳ ಜಿಲ್ಲೆ