ಮಗಳಿಗೊಂದು ಪತ್ರ: ಯಾರೂ ತಡೆಯದ ಲಾರಿಗಳು

ಹೊಸಪೇಟೆ

ಪ್ರೀತಿಯ ಪುಟ್ಟಿ,

ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಕೂತು ಬರೆದೇ ಉತ್ತರ ಕೊಡಬೇಕು ಅನಿಸಿತು. ನಿಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಯಾರೋ ಒಬ್ಬರು, ಬಡ ದೇಶಗಳ ಸರ್ಕಾರಿ ಕಚೇರಿ ಅಂದರೆ ತುಕ್ಕು ಹಿಡಿದ ಯಂತ್ರ, ಲಂಚ ಅದಕ್ಕೆ ಬಿಡುವ ಎಣ್ಣೆ, ಅದರಿಂದ ಕೆಲಸ ಬೇಗ ಸಾಗಿ ದೇಶ ಬೆಳೆಯುತ್ತದೆ ಅಂತ ವಾದಿಸಿದರಂತೆ. ಇದೇನೂ ಹೊಸ ವಾದವಲ್ಲ, 1960ರ ದಶಕದಲ್ಲೇ ಅಮೆರಿಕದ ಕೆಲವು ವಿದ್ವಾಂಸರು ಹೀಗೆ ಬರೆದಿದ್ದರು ಅಂತ ನೀನೇ ಹೇಳಿದೆ. ಆಮೇಲೆ, "ನೀನು ಏನಂತೀಯಮ್ಮಾ?" ಅಂದೆ.

ಆ ವಾದದಲ್ಲಿ ಒಂದು ಮಾತು ನಿಜ. ದುಡ್ಡು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ನಮ್ಮ ಬಳ್ಳಾರಿ ಸೀಮೆಯಲ್ಲಿ ಆದಷ್ಟು ಬೇಗ ಪ್ರಪಂಚದ ಯಾವ ಮೂಲೆಯಲ್ಲೂ ಆಗಿರಲಿಕ್ಕಿಲ್ಲ. ನಾವು ಹಾಳಾಗಿದ್ದು ಕೆಲಸ ನಿಂತಿದ್ದರಿಂದಲ್ಲ, ಯಾರೂ ತಡೆಯದೆ ಸಾಗಿಬಿಟ್ಟಿದ್ದರಿಂದ. ನಿನ್ನ ಸಹಪಾಠಿಗಳಿಗೆ ನೀನು ಹೇಳಬೇಕಾದ್ದು ಇದನ್ನೇ ಅಂತ ನನಗನಿಸುತ್ತದೆ.

ನೀನಾಗ ಅಂಗನವಾಡಿಗೆ ಹೋಗುವ ಕೂಸು, ನಿನಗೆ ನೆನಪಿರಲಿಕ್ಕಿಲ್ಲ. ಬೀಜಿಂಗ್ ಒಲಿಂಪಿಕ್ಸ್ 2008ರಲ್ಲಿ. ಅದಕ್ಕೂ ಕೆಲವು ವರ್ಷ ಮೊದಲಿಂದಲೇ ಚೀನಾದಲ್ಲಿ ಉಕ್ಕಿನ ಕಾರ್ಖಾನೆಗಳಿಗೆ ಎಷ್ಟು ಅದಿರು ಕೊಟ್ಟರೂ ಸಾಲುತ್ತಿರಲಿಲ್ಲ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಉತ್ತಮ ದರ್ಜೆಯದು. ಬಂದರಿಗೆ ಮುಟ್ಟಿದರೆ ಟನ್ನಿಗೆ ಸಾವಿರಾರು ರೂಪಾಯಿ. ಅದೇ ಅದಿರಿಗೆ ರಾಜ್ಯಕ್ಕೆ ಸಿಗುತ್ತಿದ್ದ ರಾಜಧನ, ಅಂದರೆ ರಾಯಲ್ಟಿ, ಎಷ್ಟೇ ಒಳ್ಳೆಯ ದರ್ಜೆಯದಾಗಲಿ, ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. ಮಾರಾಟದ ಬೆಲೆಯ ಮೇಲೆ ಶೇಕಡಾ 10 ಅಂತ ನಿಯಮ ಬದಲಾಗಿದ್ದು 2009ರ ಆಗಸ್ಟಿನಲ್ಲಿ, ಅಷ್ಟರಲ್ಲಿ ಗುಡ್ಡಗಳ ಎಷ್ಟೋ ಭಾಗ ಹಡಗು ಹತ್ತಿಯಾಗಿತ್ತು.

ನೆಲದಿಂದ ಒಂದು ಟನ್ ಅದಿರು ಮೇಲೆದ್ದು ಹಡಗು ಸೇರಬೇಕಾದರೆ ಆಗ ಎಷ್ಟು ಕಡೆ ಒಪ್ಪಿಗೆ ಬೇಕಿತ್ತು ಗೊತ್ತೇನು? ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಗುತ್ತಿಗೆ, ಕಾಡಾದರೆ ಅರಣ್ಯ ಇಲಾಖೆಯ ಅನುಮತಿ, ಮಾಲಿನ್ಯ ಮಂಡಳಿಯ ಒಪ್ಪಿಗೆ, ಸಾಗಿಸಲು ಪರ್ಮಿಟ್, ಲಾರಿ ತೂಗುವ ವೇಬ್ರಿಡ್ಜಿನ ಚೀಟಿ, ದಾರಿಯಲ್ಲಿ ಆರ್‌ಟಿಒ, ಪೊಲೀಸು, ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್, ಕೊನೆಗೆ ಬಂದರು, ಕಸ್ಟಮ್ಸ್. ನಿನ್ನ ಸಹಪಾಠಿಗಳು ಇದನ್ನು ಕೆಂಪುಪಟ್ಟಿ ಅಂದಾರು. ಆದರೆ ಇವರಲ್ಲಿ ಒಬ್ಬೊಬ್ಬರಿಗೂ "ನಿಲ್ಲಿಸು" ಅನ್ನುವ ಅಧಿಕಾರ ಕೊಟ್ಟಿದ್ದು ಯಾರಿಗಾಗಿ? ಗುಡ್ಡದ ಕೆಳಗೆ ಜೋಳ ಬಿತ್ತುವವನಿಗಾಗಿ, ರಸ್ತೆ ಪಕ್ಕದ ಶಾಲೆಯಲ್ಲಿ ಕೂತ ಮಕ್ಕಳಿಗಾಗಿ. ನಿಲ್ಲಿಸುವ ಆ ಅಧಿಕಾರವನ್ನೇ ಅಧಿಕಾರದಲ್ಲಿದ್ದವರು ಮಾರಿಕೊಂಡರು. "ಜೀರೋ ರಿಸ್ಕ್" ಅಂತ ಒಂದು ಏರ್ಪಾಡು ಇತ್ತು. ಹಣ ಕೊಟ್ಟವನ ಲಾರಿಯನ್ನು ಗಣಿಯಿಂದ ಬಂದರಿನವರೆಗೆ ಯಾರೂ ತಡೆಯುವಂತಿಲ್ಲ, ಅವನಿಗೆ ಯಾವ ಅಪಾಯವೂ ಇಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಯಲ್ಲಿ ಇದು ವಿವರವಾಗಿದೆ.

ನಾನು ಆಗ ರಸ್ತೆ ಬದಿಯ ಊರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಲಾರಿಗಳ ಸಾಲಿಗೆ ಹಗಲು ರಾತ್ರಿ ಅಂತ ಇರಲಿಲ್ಲ. ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ಹೇರಿಕೊಂಡು, ಮೇಲೆ ಟಾರ್ಪಾಲ್ ಕೂಡ ಹೊದಿಸದೆ ಓಡುತ್ತಿದ್ದವು. ಹೊಸದಾಗಿ ಹಾಕಿದ ಡಾಂಬರು ಒಂದು ಮಳೆಗಾಲ ಬಾಳುತ್ತಿರಲಿಲ್ಲ. ಜೋಳದ ತೆನೆ, ಹತ್ತಿಯ ಕಾಯಿ, ಬೇವಿನ ಎಲೆ, ಮನೆಯ ಸಜ್ಜ ಎಲ್ಲದರ ಮೇಲೂ ಕೆಂಪು ಧೂಳು. ಮಕ್ಕಳ ಬಿಳಿ ಅಂಗಿ ಎಷ್ಟು ಒಗೆದರೂ ಬಿಳಿ ಆಗುತ್ತಿರಲಿಲ್ಲ. ಕೆಮ್ಮು ಅಂತೂ ತರಗತಿಯ ಖಾಯಂ ಸದ್ದು. ಆಮೇಲೆ ಹಾಜರಾತಿ ಇಳಿಯಿತು. 2003ರಲ್ಲಿ ಸರ್ಕಾರ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ತೆರೆದ ಮೇಲೆ ಪಟ್ಟಾ ಜಮೀನಿನಲ್ಲೂ ಅದಿರು ಅಗೆಯುವುದು ಶುರುವಾಗಿತ್ತು. ಶೇಂಗಾ ಬೆಳೆದು ವರ್ಷಕ್ಕೆ ಕಾಣುವ ಹಣ ಗುಂಡಿ ತೋಡಿಸಿದರೆ ವಾರದಲ್ಲೇ ಕೈಗೆ ಬರುತ್ತದೆ ಅಂದರೆ ಯಾವ ರೈತ ಬೇಡ ಅಂದಾನು? ಕಲ್ಲು ಒಡೆಯಲು, ಜರಡಿ ಹಿಡಿಯಲು ಅಪ್ಪ ಅಮ್ಮನ ಜೊತೆ ಮಕ್ಕಳೂ ಹೋದರು. ನನ್ನ ಆರನೆಯ ತರಗತಿಯಲ್ಲಿ ಗಣಿತದಲ್ಲಿ ಚುರುಕಾಗಿದ್ದ ಒಬ್ಬ ಹುಡುಗಿ ಇದ್ದಳು. ಭಿನ್ನರಾಶಿಯ ಪಾಠದ ನಡುವೆ ಹೋದವಳು ತಿರುಗಿ ಬರಲೇ ಇಲ್ಲ. ಅವಳ ಮನೆಗೆ ಹೋಗಿ ಕೇಳಿದಾಗ ಅವರಮ್ಮ, "ಟೀಚರ್, ಈಗ ದುಡಿದ್ರೆ ಉಂಟು, ಆಮ್ಯಾಲೆ ಇದು ಇರಂಗಿಲ್ಲ" ಅಂದಳು. ಆ ಮಾತು ಖರೆಯಾಯಿತು.

ಲೋಕಾಯುಕ್ತರ ಎರಡನೆಯ ವರದಿ 2011ರ ಜುಲೈನಲ್ಲಿ ಬಂತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಪರ್ಮಿಟ್, ಬಂದರಿನ ಲೆಕ್ಕ, ಬ್ಯಾಂಕಿನ ಖಾತೆ ಎಲ್ಲವನ್ನೂ ಒಂದಕ್ಕೊಂದು ತಾಳೆ ಹಾಕಿ ಕೂಡಿಸಿದ ಲೆಕ್ಕ ಅದು. 2006ರಿಂದ 2010ರ ನಡುವೆ ಅಕ್ರಮವಾಗಿ ರಫ್ತಾದ ಅದಿರು 2.98 ಕೋಟಿ ಟನ್, ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಕೆಳಗಿನ ನೌಕರರಿಂದ ಮೇಲಿನವರೆಗೆ ನೂರಾರು ಅಧಿಕಾರಿಗಳ ಹೆಸರು ಅದರಲ್ಲಿತ್ತು. ಅಂದಿನ ಮುಖ್ಯಮಂತ್ರಿ ಆ ತಿಂಗಳ ಕೊನೆಯಲ್ಲೇ ರಾಜೀನಾಮೆ ಕೊಟ್ಟರು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು.

16,085 ಕೋಟಿ ಅನ್ನುವುದು ಲೆಕ್ಕಕ್ಕೆ ಸಿಕ್ಕಿದ ನಷ್ಟ. ಸಿಗದ ನಷ್ಟ ಬೇರೆಯೇ ಇದೆ, ಅರ್ಥಶಾಸ್ತ್ರ ಓದುವ ನೀನು ಅದನ್ನು ಬಿಡಬೇಡ. ಪರ್ಮಿಟ್ಟಿನಷ್ಟೇ ಹೇರುತ್ತಿದ್ದ ಲಾರಿ ಮಾಲೀಕ ಬಾಡಿಗೆಯ ಪೈಪೋಟಿಯಲ್ಲಿ ಸೋತ. ಅವನು ಕಡಿಮೆ ದಕ್ಷನಾಗಿದ್ದಕ್ಕೆ ಸೋತಿದ್ದಲ್ಲ, ಕಾನೂನು ಪಾಲಿಸಿದ್ದಕ್ಕೆ ಸೋತ. ಪ್ರಾಮಾಣಿಕ ಚೆಕ್‌ಪೋಸ್ಟ್ ನೌಕರ ವರ್ಗವಾಗಿ ಹೋದ, ಅವನ ಜಾಗಕ್ಕೆ ಬಂದವನಿಗೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾರುಕಟ್ಟೆ ಅಂದರೆ ಚೆನ್ನಾಗಿ ಕೆಲಸ ಮಾಡುವವನು ಗೆಲ್ಲುವ ಜಾಗ ಅಂತ ನಿಮಗೆ ಕಲಿಸುತ್ತಾರಲ್ಲ, ಇಲ್ಲಿ ಗೆದ್ದವನು ಹೆಚ್ಚು ಕೈ ಬಿಸಿ ಮಾಡಿದವನು. ಎಣ್ಣೆಯ ವಾದ ಮಾಡಿದವರಿಗೆ ಇದನ್ನು ಕೇಳು: ಎಣ್ಣೆ ಬಿಟ್ಟ ಯಂತ್ರ ಏನನ್ನು ತಯಾರು ಮಾಡಿತು? ಹಡಗು ಹತ್ತಿ ಹೋದ ಅದಿರಿನಿಂದ ಇಲ್ಲಿ ಒಂದು ಕಾರ್ಖಾನೆ ಎದ್ದಿತೇ, ಒಂದು ಒಳ್ಳೆಯ ಆಸ್ಪತ್ರೆ ಬಂದಿತೇ? ಇಷ್ಟು ಒಳ್ಳೆಯ ಅದಿರು ಇರುವ ಆಗಿನ ನಮ್ಮ ಬಳ್ಳಾರಿ ಜಿಲ್ಲೆಯನ್ನೂ ಸೇರಿಸಿ ಆರು ಜಿಲ್ಲೆಗಳು ಹಿಂದುಳಿದಿವೆ ಅಂತ 371(ಜೆ) ವಿಧಿಯ ವಿಶೇಷ ಸ್ಥಾನ ಕೊಡಲು 2012ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು. ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಹೋದ ವರ್ಷಗಳು ಮುಗಿದದ್ದೇ ತಡ ಅದು ಬಂತು.

ನಿಷೇಧ ಬಂದಾಗ ನಷ್ಟ ಕಟ್ಟಿಕೊಟ್ಟವರು ಯಾರು ಅನ್ನುವುದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ. ಕೋರ್ಟ್ ಮಾಡಿದ್ದು ಸರಿ, ಬೇರೆ ದಾರಿ ಉಳಿದಿರಲಿಲ್ಲ. ಆದರೆ ಒಡವೆ ಅಡವಿಟ್ಟು ಫೈನಾನ್ಸಿನಲ್ಲಿ ಲಾರಿ ತೆಗೆದುಕೊಂಡಿದ್ದ ಹುಡುಗರು ಕಂತು ಕಟ್ಟಲಾಗದೆ ಲಾರಿ ಬಿಟ್ಟುಕೊಟ್ಟರು. ಹೆದ್ದಾರಿಯ ಢಾಬಾ, ಪಂಕ್ಚರ್ ಅಂಗಡಿ, ಗ್ಯಾರೇಜು ಬಾಗಿಲು ಹಾಕಿದವು. ಗುಂಡಿ ತೋಡಿಸಿದ ಹೊಲದಲ್ಲಿ ಮೇಲ್ಮಣ್ಣು ಇಲ್ಲ, ಮತ್ತೆ ಬಿತ್ತುವ ಹಾಗಿಲ್ಲ. ಆ ಹುಡುಗಿಗೆ ಶಾಲೆಯೂ ಹೋಗಿತ್ತು, ಕೂಲಿಯೂ ಹೋಯಿತು. ದೊಡ್ಡ ಲಾಭ ಮಾಡಿದವರು ದೊಡ್ಡ ವಕೀಲರನ್ನು ಇಟ್ಟುಕೊಂಡರು.

ಕಾನೂನಿನ ಕಡೆಯಿಂದ ನೋಡಿದರೆ ಯಾವುದೂ ಬೇಗ ಆಗಲಿಲ್ಲ. ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರೇ ಕಾಣೆಯಾಯಿತು. ಸರ್ಕಾರದ ವಶದಲ್ಲಿದ್ದ ಮಾಲು ಹಡಗು ಹತ್ತಿ ಹೋಯಿತು! ಆ ಪ್ರಕರಣದಲ್ಲಿ ಒಬ್ಬ ಹಾಲಿ ಶಾಸಕರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ, ಹೈಕೋರ್ಟ್ ಮರುತಿಂಗಳು ಅದನ್ನು ಅಮಾನತಿನಲ್ಲಿಟ್ಟಿತು. ಆಂಧ್ರದ ಗಡಿಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಗಾಲಿ ಜನಾರ್ದನ ರೆಡ್ಡಿ ಅವರನ್ನು ಸಿಬಿಐ ಬಂಧಿಸಿದ್ದು 2011ರ ಸೆಪ್ಟೆಂಬರಿನಲ್ಲಿ, ಹೈದರಾಬಾದಿನ ಸಿಬಿಐ ನ್ಯಾಯಾಲಯ 7 ವರ್ಷದ ಶಿಕ್ಷೆ ಕೊಟ್ಟಿದ್ದು 2025ರ ಮೇನಲ್ಲಿ. ಅದನ್ನೂ ತೆಲಂಗಾಣ ಹೈಕೋರ್ಟ್ ಮರುತಿಂಗಳೇ ಅಮಾನತುಗೊಳಿಸಿತು. ಮೇಲ್ಮನವಿ ಅವರ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಒಂದು ಲಾರಿ ಬಂದರು ಮುಟ್ಟಲು ಬೇಕಾದ ಸಮಯವನ್ನೂ ಒಂದು ತೀರ್ಪು ಬರಲು ಬೇಕಾದ ಸಮಯವನ್ನೂ ಅಕ್ಕಪಕ್ಕ ಇಟ್ಟು ನೋಡು ಅಂತ ಮಾತ್ರ ಹೇಳುತ್ತೇನೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಆಫ್ರಿಕಾದ ಮೊಜಾಂಬಿಕ್ ದೇಶದ ಬಗ್ಗೆ ನಿಮ್ಮ ಪಾಠದಲ್ಲಿ ಬಂದಿರಬಹುದು. 2013-14ರಲ್ಲಿ ಟ್ಯೂನಾ ಮೀನುಗಾರಿಕೆ, ಕರಾವಳಿ ರಕ್ಷಣೆ ಅನ್ನುವ ಹೆಸರಿನಲ್ಲಿ ಸುಮಾರು 200 ಕೋಟಿ ಡಾಲರ್ ಸಾಲ ತಂದರು, ಸರ್ಕಾರದ ಖಾತ್ರಿಯನ್ನು ಸಂಸತ್ತಿಗೆ ಗೊತ್ತಾಗದ ಹಾಗೆ ಕೊಟ್ಟರು. ಸಂಸತ್ತಿನಲ್ಲಿ ಇಟ್ಟಿದ್ದರೆ ಪ್ರಶ್ನೆ ಬರುತ್ತಿತ್ತು, ತಡವಾಗುತ್ತಿತ್ತು. ಆ ತಡವೇ ದೇಶವನ್ನು ಕಾಯುತ್ತಿತ್ತು. 2016ರಲ್ಲಿ ಗುಟ್ಟು ಹೊರಬಿದ್ದಾಗ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ನೆರವು ಕೊಡುತ್ತಿದ್ದ ದೇಶಗಳು ಹಣ ನಿಲ್ಲಿಸಿದವು, ಅಲ್ಲಿನ ನಾಣ್ಯದ ಬೆಲೆ ಕುಸಿಯಿತು. ಸಾಲ ತಂದಾಗ ಹಣಕಾಸು ಮಂತ್ರಿಯಾಗಿದ್ದ ಮಾನುಯೆಲ್ ಚಾಂಗ್ ತಪ್ಪಿತಸ್ಥ ಅಂತ ನ್ಯೂಯಾರ್ಕಿನ ಕೋರ್ಟಿನಲ್ಲಿ ತೀರ್ಮಾನವಾಗಿದ್ದು 2024ರಲ್ಲಿ. ಅಷ್ಟು ಹೊತ್ತಿಗೆ ರೊಟ್ಟಿಯ, ಔಷಧದ ದುಬಾರಿ ಬೆಲೆ ತೆತ್ತವರು ಆ ಸಾಲದ ಹೆಸರೂ ಕೇಳದ ಜನ.

ಹಾಗಾದರೆ ಕಚೇರಿಯ ವಿಳಂಬವನ್ನು ಸಹಿಸಿಕೊಂಡು ಕೂರಬೇಕೇ ಅಂತ ನಿನ್ನ ತರಗತಿಯವರು ಕೇಳುತ್ತಾರೆ. ಕೇಳಲಿ, ಒಳ್ಳೆಯ ಪ್ರಶ್ನೆಯೇ. ನಿಮ್ಮಜ್ಜ ಒಂದು ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ದಾಖಲೆ ಅವರ ಮನೆಯಲ್ಲಿ, ರೈತ ಅವರ ಬಾಗಿಲಲ್ಲಿ. ಆ ವಿಳಂಬ ತಾನಾಗಿ ಆದದ್ದಲ್ಲ, ಕೈ ಚಾಚಲಿಕ್ಕೆಂದೇ ಮಾಡಿದ್ದು. ಲಂಚದ ಆಸೆ ಇದ್ದಷ್ಟು ದಿನ ಆ ಕಡತ ತಾನಾಗಿ ಸಾಗಲು ಯಾರೂ ಬಿಡುವುದಿಲ್ಲ. ಅದನ್ನು ಬದಲಿಸಿದ್ದು ಲಂಚವಲ್ಲ, ಭೂಮಿ ಯೋಜನೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗುವ ಹಾಗೆ ಮಾಡಿದರು. ಲಂಚ ಪೂರ್ತಿ ಹೋಯಿತು ಅನ್ನಲಾರೆ. ಆದರೆ ಒಂದು ಪಹಣಿಗಾಗಿ ಕೈ ಮುಗಿದು ನಿಲ್ಲುವ ಕಾಲ ನಿಮ್ಮಜ್ಜನಿಗೆ ಮುಗಿಯಿತು. ತಡೆಯಬೇಕಾದ ಕಡೆ ತಡೆಯುವುದು, ತಡೆಯಬಾರದ ಕಡೆ ದಾರಿ ಬಿಡುವುದು, ಈ ಎರಡನ್ನೂ ಮಾಡಬಲ್ಲ ಕಚೇರಿ ನಮಗೆ ಬೇಕು. ಲಂಚ ಈ ಎರಡನ್ನೂ ತಲೆಕೆಳಗು ಮಾಡುತ್ತದೆ: ಪಹಣಿ ನಿಲ್ಲುತ್ತದೆ, ಅದಿರು ಓಡುತ್ತದೆ.

ನಿಷೇಧದ ನಂತರ ನಮ್ಮಲ್ಲಿ ಏನಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. 2022ರವರೆಗೆ ಅದಿರು ಇ-ಹರಾಜಿನಲ್ಲೇ ಹೋಗಬೇಕಿತ್ತು, ಎಷ್ಟು ತೆಗೆಯಬೇಕು ಅಂತ ಮಿತಿ ಬಂತು, ಅತಿ ಹೆಚ್ಚು ಅಕ್ರಮ ಮಾಡಿದ "ಸಿ" ವರ್ಗದ ಗುತ್ತಿಗೆಗಳನ್ನು ಸುಪ್ರೀಂ ಕೋರ್ಟ್ 2013ರಲ್ಲಿ ರದ್ದು ಮಾಡಿತು. ಗಣಿಯಿಂದ ಕೆಟ್ಟ ಪ್ರದೇಶದ ಪುನಶ್ಚೇತನಕ್ಕೆ ಅಂತ ಸಾವಿರಾರು ಕೋಟಿ ಕೂಡಿಬಿತ್ತು. ಅದು ವರ್ಷಗಟ್ಟಲೆ ಬ್ಯಾಂಕಿನಲ್ಲೇ ಇತ್ತು, 2022ರಲ್ಲಿ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಿತು. ಇದಲ್ಲದೆ ಗಣಿ ಕಾನೂನಿಗೆ 2015ರಲ್ಲಿ ಆದ ತಿದ್ದುಪಡಿಯಿಂದ ಬಂದ, ಗಣಿ ಮಾಲೀಕರು ಹಣ ಕಟ್ಟಬೇಕಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಇವೆರಡೂ ಧೂಳು ಕುಡಿದ ಊರುಗಳ ಹಣ. ಕುಡಿಯುವ ನೀರು, ಶಾಲೆ, ಆಸ್ಪತ್ರೆ ಅಂತ ಕಾಗದದಲ್ಲಿ ಬರೆದಿದೆ. ಮತ್ತೆ ಕಮಿಷನ್ನಿನ ಕೈಗೆ ಬೀಳದ ಹಾಗೆ ಯಾರಾದರೂ ಕಣ್ಣಿಟ್ಟಿರಲೇಬೇಕು ಪುಟ್ಟಿ, ಆ ಚಿಂತೆ ನನ್ನನ್ನು ಬಿಟ್ಟಿಲ್ಲ.

ದೀಪಾವಳಿಗೆ ಬರುತ್ತೀಯಲ್ಲ, ಆಗ ನಾನು ಪಾಠ ಮಾಡಿದ ಊರಿನ ಪಂಚಾಯಿತಿಗೆ ಈ ನಿಧಿಗಳಿಂದ ಎಷ್ಟು ಬಂತು, ಯಾವ ಕಾಮಗಾರಿಗೆ ಹೋಯಿತು, ಗುತ್ತಿಗೆ ಯಾರಿಗೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅರ್ಜಿ ನೀನು ಬರೆ, ನಿನ್ನ ಅಕ್ಷರ ದುಂಡಾಗಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ನಾನು ತಂದಿಟ್ಟಿರುತ್ತೇನೆ. ಉತ್ತರಕ್ಕೆ ಕಾನೂನು 30 ದಿನ ಕೊಟ್ಟಿದೆ, ಕಾಯೋಣ. ಬರದಿದ್ದರೆ ಮೇಲ್ಮನವಿ ಹಾಕೋಣ. ಬಂದ ಪಟ್ಟಿಯನ್ನು ಹಿಡಿದು ಗ್ರಾಮಸಭೆಗೆ ನಾನೇ ಹೋಗುತ್ತೇನೆ, ಅಲ್ಲಿ ಕೂರುವವರಲ್ಲಿ ಅರ್ಧ ಜನ ನನ್ನ ಹತ್ತಿರ ಮಗ್ಗಿ ಕಲಿತವರು.

ನಿನ್ನ
ಅಮ್ಮ